ಅಣುಸ್ಥಾವರವೋ ಕಲ್ಲಿದ್ದಲೋ ಸೋಲಾರೋ: ಕರೆಂಟ್ ಸಾಲದ ದೇಶ ಯಾವುದನ್ನ ಹಿಡೀಬೇಕು, ಕೊಡಗಿನಲ್ಲಿ ಕೂತು ಹಾಕಿದ ಲೆಕ್ಕ

ಹೋದ ಮಳೆಗಾಲದಲ್ಲಿ ನಮ್ಮ ಸೋಮವಾರಪೇಟೆ ಕಡೆ ಗಾಳಿಗೆ ಸಿಲ್ವರ್ ಮರ ಒಂದು ಲೈನ್ ಮೇಲೆ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಆರನೇ ದಿನ ಪೇಟೆಗೆ ಹೋದಾಗ ಮೆಡಿಕಲ್ ಶಾಪ್ ಹತ್ರ ಮೊಬೈಲ್ ಚಾರ್ಜಿಗೆ ಹಾಕ್ಕೊಂಡು ನಿಂತವರೆಲ್ಲ ಇದೇ ಮಾತು, ಒಬ್ಬರು ಹೇಳ್ತಾರೆ ಇನ್ನೂ ನಾಲ್ಕು ಅಣುಸ್ಥಾವರ ಕಟ್ಟಿದ್ರೆ ಈ ಗೋಳು ಇರ್ತಿರಲಿಲ್ಲ ಅಂತ, ಇನ್ನೊಬ್ಬರು ಬೇಡವೇ ಬೇಡ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ಮರೆತ್ರಾ, ಎಲ್ಲಾ ಮನೆ ಮೇಲೂ ಸೋಲಾರ್ ಹಾಕಿ ಸಾಕು ಅಂತ. ಅದೇ ವಾರ ಅಣ್ಣನ ಮಗಳು ಮಡಿಕೇರಿಯಿಂದ ಫೋನ್ ಮಾಡಿ, ಚಿಕ್ಕಪ್ಪ ನಮ್ಮ ಕಾಲೇಜಲ್ಲಿ ಡಿಬೇಟ್ ಇದೆ, ಬಡ ದೇಶದ ಕರೆಂಟ್ ಕೊರತೆಗೆ ಅಣುಶಕ್ತಿಯೇ ಪರಿಹಾರ ಅಂತ ವಿಷಯ, ನಾನು ಯಾವ ಕಡೆ ಮಾತಾಡ್ಲಿ ಅಂತ ಕೇಳಿದ್ಲು. ಇಬ್ಬರಿಗೂ ಸೇರಿಸಿ ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗ್ತದೆ.

ಮೊದಲು ಒಂದು ವಿಷಯ ಬಿಡಿಸಿ ಹೇಳ್ಬೇಕು. ನಮ್ಮ ಮನೇಲಿ ಆ ಐದು ದಿನ ಕರೆಂಟ್ ಇಲ್ಲದೇ ಇದ್ದದ್ದು ದೇಶದಲ್ಲಿ ಕರೆಂಟ್ ಇಲ್ಲ ಅಂತ ಅಲ್ಲ. ಕರೆಂಟ್ ಇತ್ತು, ಬರೋ ದಾರಿ ಕಡಿದಿತ್ತು. ನೂರು ಸ್ಥಾವರ ಕಟ್ಟಿದ್ರೂ ತೋಟದ ನಡುವಿನ ಕಂಬ ಮುರಿದ್ರೆ ಮನೆ ಕತ್ತಲೇ. ಹಾಗಾಗಿ ಕೊರತೆ ಅಂದಾಗ ಯಾವ ಕೊರತೆ ಅಂತ ಮೊದಲು ಕೇಳ್ಬೇಕು. ತಂತಿ ಕೊರತೆ ಒಂದು. ಸಂಜೆ ಆರರಿಂದ ಹತ್ತರವರೆಗೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದಾಗ ಆಗೋ ಕೊರತೆ ಇನ್ನೊಂದು. ಮಳೆ ಕೈಕೊಟ್ಟ ವರ್ಷದ ಕೊರತೆ ಮತ್ತೊಂದು, 2023ರಲ್ಲಿ ಮುಂಗಾರು ಸರಿಯಾಗದೆ ಡ್ಯಾಂ ತುಂಬದೆ ಅಕ್ಟೋಬರ್‌ನಲ್ಲೇ ರಾಜ್ಯದಲ್ಲಿ ಲೋಡ್ ಶೆಡ್ಡಿಂಗ್ ಶುರುವಾದದ್ದು ಎಲ್ಲರಿಗೂ ನೆನಪಿರ್ಬೇಕು. ಕೊನೇದು ನಿಜವಾದ ದೊಡ್ಡ ಕೊರತೆ, ಫ್ಯಾಕ್ಟರಿ ಬರ್ತವೆ ಊರು ಬೆಳೀತದೆ ಹಗಲು ರಾತ್ರಿ ವರ್ಷಪೂರ್ತಿ ಬೇಕಾಗ್ತದೆ ಆದ್ರೆ ಉತ್ಪಾದನೆಯೇ ಸಾಲಲ್ಲ ಅನ್ನೋದು. ಅಣುಸ್ಥಾವರ ಇದರಲ್ಲಿ ಕೊನೇದಕ್ಕೆ ಚೆನ್ನಾಗಿ ಉತ್ತರ ಕೊಡ್ತದೆ, ಬರಗಾಲದ ವರ್ಷಕ್ಕೆ ಒಂದಷ್ಟು, ಉಳಿದ ಎರಡಕ್ಕೆ ಏನೂ ಇಲ್ಲ.

ಯಾವುದರಿಂದ ಅಳೀಬೇಕು

ನಾನು ಹೋಲಿಸೋದು ಹೀಗೆ: ಕರೆಂಟ್ ಯಾವ ಹೊತ್ತಲ್ಲಿ ಯಾವ ತಿಂಗಳಲ್ಲಿ ಸಿಗ್ತದೆ, ಕಟ್ಟೋಕೆ ಎಷ್ಟು ವರ್ಷ ಬೇಕು, ಮೊದಲೇ ಸುರಿಯೋ ದುಡ್ಡು ಎಷ್ಟು ಆಮೇಲೆ ಯೂನಿಟ್‌ಗೆ ಬೀಳೋದೆಷ್ಟು, ಇಂಧನ ಯಾರ ಕೈಲಿದೆ, ಯಾರ ಜಾಗ ಯಾವ ಕಾಡು ಹೋಗ್ತದೆ, ಹೊಗೆ ಮತ್ತೆ ಅಪಾಯ ಎಷ್ಟು. ಇದರ ಜೊತೆ ಒಂದನ್ನ ಎಲ್ಲರೂ ಮರೀತಾರೆ, ಅಷ್ಟು ದೊಡ್ಡ ಯಂತ್ರವನ್ನ ಆ ದೇಶದ ಗ್ರಿಡ್, ಅಂದ್ರೆ ಕರೆಂಟ್ ಸಾಗಿಸೋ ತಂತಿ ಜಾಲ, ತಡೀತದಾ ಅನ್ನೋದು. ಯೂನಿಟ್ ರೇಟ್ ಒಂದನ್ನೇ ಹಿಡ್ಕೊಂಡು ಇದು ಅಗ್ಗ ಅದು ದುಬಾರಿ ಅನ್ನೋರ ಜೊತೆ ನಂಗೆ ಜಗಳವೇ ಆಗಿದೆ, ಮಧ್ಯಾಹ್ನದ ಯೂನಿಟ್ಟೂ ರಾತ್ರಿ ಎಂಟು ಗಂಟೆಯ ಯೂನಿಟ್ಟೂ ಒಂದೇ ಅಲ್ಲ.

ಕಲ್ಲಿದ್ದಲು

ಭಾರತದಲ್ಲಿ ಈಗ್ಲೂ ಹತ್ತರಲ್ಲಿ ಏಳು ಯೂನಿಟ್ ಬರೋದು ಕಲ್ಲಿದ್ದಲಿಂದಲೇ. ನಮ್ಮ ರಾಜ್ಯದಲ್ಲಿ ರಾಯಚೂರು 1720 ಮೆಗಾವ್ಯಾಟ್, ಬಳ್ಳಾರಿ 1700, ಯರಮರಸ್ 1600, ಕರಾವಳಿಯ ನಂದಿಕೂರಲ್ಲಿ 1200. ಕಟ್ಟೋಕೆ ನಾಲ್ಕೈದು ವರ್ಷ, ತಂತ್ರಜ್ಞಾನ ಗೊತ್ತಿರೋದೇ, ಹಗಲು ರಾತ್ರಿ ಓಡ್ತದೆ. ಆದ್ರೆ ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ, ಸಿಂಗರೇಣಿಯಿಂದಲೋ ಒಡಿಶಾದಿಂದಲೋ ರೈಲಲ್ಲಿ ಬರ್ಬೇಕು, 1000 ಮೆಗಾವ್ಯಾಟ್ ಸ್ಥಾವರಕ್ಕೆ ದಿನಕ್ಕೆ ಮೂರ್ನಾಲ್ಕು ಗೂಡ್ಸ್ ರೈಲು ಬೇಕಾಗ್ತದೆ. 2021ರ ಅಕ್ಟೋಬರ್‌ನಲ್ಲಿ ದೇಶದಲ್ಲೇ ಕಲ್ಲಿದ್ದಲು ಕೊರತೆ ಆಗಿ ಎಷ್ಟೋ ಸ್ಥಾವರಗಳ ದಾಸ್ತಾನು ಒಂದೆರಡು ದಿನಕ್ಕೆ ಇಳಿದಿತ್ತು. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಭಾಗಕ್ಕೂ ಮೇಲೆ ಬೂದಿ. ಒಂದು ಯೂನಿಟ್‌ಗೆ ಸುಮಾರು 820 ಗ್ರಾಂ ಕಾರ್ಬನ್ ಡೈಆಕ್ಸೈಡ್ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ಲೆಕ್ಕ, ಅಣುಶಕ್ತಿಗೆ ಅದೇ ಲೆಕ್ಕದಲ್ಲಿ 12 ಗ್ರಾಂ. ಹೊಗೆಯಿಂದ ಸಾಯೋರು ಒಂದೇ ದಿನ ಒಂದೇ ಊರಲ್ಲಿ ಸಾಯಲ್ಲ, ಅದಕ್ಕೇ ಯಾರಿಗೂ ಅದು ಅಪಘಾತ ಅಂತ ಕಾಣಲ್ಲ, ಆದ್ರೆ ಯೂನಿಟ್ ಲೆಕ್ಕದಲ್ಲಿ ನೋಡಿದ್ರೆ ಅತಿ ಹೆಚ್ಚು ಜೀವ ತೆಗೆಯೋ ಕರೆಂಟ್ ಕಲ್ಲಿದ್ದಲಿನದ್ದೇ. ಕೈಲಿ ದುಡ್ಡು ಕಮ್ಮಿ, ಸ್ವಂತ ಗಣಿ ಇದೆ, ಐದು ವರ್ಷದಲ್ಲಿ ಬೇಕೇ ಬೇಕು ಅನ್ನೋ ದೇಶ ಇದನ್ನ ಹಿಡಿದ್ರೆ ಅವರನ್ನ ಬಯ್ಯೋಕೆ ನಂಗೆ ಮನಸ್ಸಿಲ್ಲ, ಆದ್ರೆ ಆಮದು ಕಲ್ಲಿದ್ದಲು ನಂಬಿ ಹೊಸದಾಗಿ ಕಟ್ಟೋದು ಬೇಡ ಅಂತಲೇ ಹೇಳ್ತೀನಿ.

ನೀರು

ನೀರಿನ ಕರೆಂಟ್ ಅಂದ್ರೆ ನಮಗೆ ಹೆಮ್ಮೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಹೋಯ್ತು, ಅದು ನಮ್ಮ ತಲಕಾವೇರಿಯಿಂದ ಇಳಿದ ನೀರೇ. ಗೇಟ್ ತೆಗೆದ್ರೆ ಕೆಲವೇ ನಿಮಿಷದಲ್ಲಿ ಕರೆಂಟ್, ಸಂಜೆಯ ಕೊರತೆಗೆ ಇದರಷ್ಟು ಒಳ್ಳೇದು ಬೇರೆ ಇಲ್ಲ. ಶರಾವತಿ ಒಂದೇ 1035 ಮೆಗಾವ್ಯಾಟ್. ಆದ್ರೆ ಶರಾವತಿಯ ಲಿಂಗನಮಕ್ಕಿ ಡ್ಯಾಂಗೆ ಜಮೀನು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡ್ತಾ ಇದ್ದಾರೆ. ಪಶ್ಚಿಮಘಟ್ಟದಲ್ಲಿ ಇನ್ನೊಂದು ದೊಡ್ಡ ಡ್ಯಾಂ ಕಟ್ಟಬಹುದು ಅಂತ ನಂಗೆ ಅನ್ಸಲ್ಲ, 2018ರ ಆಗಸ್ಟ್‌ನಲ್ಲಿ ನಮ್ಮ ಜೋಡುಪಾಲ ಮಕ್ಕಂದೂರು ಕಡೆ ಗುಡ್ಡ ಜಾರಿದ್ದು, 2020ರಲ್ಲಿ ತಲಕಾವೇರಿ ಪಕ್ಕ ಬ್ರಹ್ಮಗಿರಿ ಕುಸಿದದ್ದು ನೋಡಿದ ಮೇಲೆ ಈ ಬೆಟ್ಟದ ಮೇಲೆ ಇನ್ನೂ ಭಾರ ಹಾಕೋ ಮಾತು ಬೇಡ. ಹೊಸ ಡ್ಯಾಂಗೆ ಜಾಗ ಇರೋದು ನೇಪಾಳ ಭೂತಾನದಂಥ ಕಡೆ, ಅಲ್ಲೂ ಚಳಿಗಾಲದಲ್ಲಿ ನದಿ ಸಣ್ಣ ಆಗ್ತದೆ.

ಸೋಲಾರ್ ಮತ್ತೆ ಗಾಳಿ

ಇಲ್ಲಿ ಸ್ವಲ್ಪ ನಿಧಾನ ಹೋಗೋಣ, ಯಾಕಂದ್ರೆ ಈಗ ನಿಜವಾದ ಪೈಪೋಟಿ ಇರೋದು ಇದಕ್ಕೂ ಅಣುಶಕ್ತಿಗೂ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ನೋಡಿ, 2015ರಲ್ಲಿ ಕಂಪನಿ ಮಾಡಿದ್ರು, 2019ರ ಕೊನೆಗೆ 2050 ಮೆಗಾವ್ಯಾಟ್ ಪೂರ್ತಿ. ರೈತರ ಜಮೀನು ಕೊಂಡ್ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಲೆಕ್ಕದಲ್ಲಿ ಶುರು ಮಾಡಿದ್ರು, ಮಳೆ ಇಲ್ಲದ ಆ ನೆಲದಲ್ಲಿ ಅದು ಹಲವರಿಗೆ ಅನುಕೂಲ ಆಯ್ತು, ಕೂಲಿ ಮಾಡ್ತಿದ್ದ ಜಮೀನಿಲ್ಲದವರಿಗೆ ಮಾತ್ರ ಏನೂ ಸಿಗಲಿಲ್ಲ. ನಾಲ್ಕೇ ವರ್ಷದಲ್ಲಿ ಇಷ್ಟು ದೊಡ್ಡದು ಕಟ್ಟೋದು ಅಣುವಿನಿಂದಾಗ್ಲಿ ಡ್ಯಾಂನಿಂದಾಗ್ಲಿ ಕಷ್ಟ, ಹೊಸ ಟೆಂಡರ್‌ಗಳಲ್ಲಿ ಯೂನಿಟ್ ಎರಡೂವರೆ ರೂಪಾಯಿ ಆಸುಪಾಸು.

ಆದ್ರೆ 2050 ಅನ್ನೋ ಅಂಕಿ ನೋಡಿ ಮೋಸ ಹೋಗಬಾರದು. ಸೂರ್ಯ ದಿನಪೂರ್ತಿ ನೆತ್ತಿ ಮೇಲೆ ಇರಲ್ಲ, ಸರಾಸರಿ ತೆಗೆದ್ರೆ ಅದರ ಕಾಲು ಭಾಗದಷ್ಟೂ ಕಷ್ಟ. ಒಂದು 700 ಮೆಗಾವ್ಯಾಟ್ ರಿಯಾಕ್ಟರ್, ಅಂದ್ರೆ ಅಣುಸ್ಥಾವರದ ಮುಖ್ಯ ಯಂತ್ರ, ನೂರಕ್ಕೆ ಎಂಬತ್ತರಷ್ಟು ಓಡಿದ್ರೆ ವರ್ಷಕ್ಕೆ 490 ಕೋಟಿ ಯೂನಿಟ್ ಕೊಡ್ತದೆ, ಪಾವಗಡದ 13,000 ಎಕರೆ ಪೂರ್ತಿ ಸೇರಿದ್ರೂ ಹೆಚ್ಚುಕಮ್ಮಿ ಅದಕ್ಕಿಂತ ಸ್ವಲ್ಪ ಕಮ್ಮಿಯೇ. ಹಾಗಂತ ಮಳೆಗಾಲದಲ್ಲಿ ಸೋಲಾರ್ ಸತ್ತೇ ಹೋಗ್ತದೆ ಅಂತ ನಮ್ಮೂರ ಆಕಾಶ ನೋಡಿ ತೀರ್ಮಾನ ಮಾಡೋದೂ ತಪ್ಪು. ಸೋಮವಾರಪೇಟೆಯಲ್ಲಿ ಜುಲೈನಲ್ಲಿ ಬಿಸಿಲೇ ಕಾಣಲ್ಲ ನಿಜ, ಆದ್ರೆ ಅದೇ ಹೊತ್ತಲ್ಲಿ ಚಿತ್ರದುರ್ಗ ಗದಗದ ಗಾಳಿಯಂತ್ರಗಳು ವರ್ಷದಲ್ಲೇ ಅತಿ ಹೆಚ್ಚು ತಿರುಗ್ತಾ ಇರ್ತವೆ, ಮುಂಗಾರು ಗಾಳಿಯೇ ಅದಕ್ಕೆ ಜೀವ. ದೊಡ್ಡ ದೇಶ, ಒಳ್ಳೆ ತಂತಿ ಇದ್ರೆ ಒಂದು ಕಡೆ ಕೊರತೆ ಇನ್ನೊಂದು ಕಡೆ ತುಂಬ್ತದೆ. ಬ್ಯಾಟರಿ ಜೊತೆಗಿನ ಸೋಲಾರ್ ಕೂಡ ಈಗ ಮೂರು ಮೂರೂವರೆ ರೂಪಾಯಿಗೆ ಇಳಿದಿದೆ, ಆದ್ರೆ ಆ ಬ್ಯಾಟರಿ ತಡೆಯೋದು ಸಂಜೆ ಎರಡರಿಂದ ನಾಲ್ಕು ಗಂಟೆ. ಡಿಸೆಂಬರ್ ರಾತ್ರಿ ಗಾಳಿಯೂ ಬಿದ್ದು ಹೋದಾಗ ಬೆಳಗಿನವರೆಗೆ ಒಂದು ಕಬ್ಬಿಣದ ಕಾರ್ಖಾನೆ ಅಥವಾ ಆಸ್ಪತ್ರೆ ತುಂಬಿದ ನಗರ ನಡೆಸೋಕೆ ಬೇರೇನಾದ್ರೂ ಬೇಕು. ಆ ಬೇರೇನಾದ್ರೂ ಕಲ್ಲಿದ್ದಲೋ ಅಣುವೋ ಅನ್ನೋದೇ ನಿಜವಾದ ಪ್ರಶ್ನೆ.

ಅಣುಶಕ್ತಿ

ನಮ್ಮ ರಾಜ್ಯದಲ್ಲೇ ಕೈಗಾ ಇದೆ, ಕಾಳಿ ನದಿ ದಂಡೆ, 220 ಮೆಗಾವ್ಯಾಟಿನ ನಾಲ್ಕು ಯೂನಿಟ್ (ಸ್ಥಾವರದ ಮಾತಲ್ಲಿ ಯೂನಿಟ್ ಅಂದ್ರೆ ಒಂದೊಂದು ರಿಯಾಕ್ಟರ್, ಬಿಲ್ಲಿನ ಯೂನಿಟ್ ಅಲ್ಲ), ಒಟ್ಟು 880. ಅಲ್ಲಿನ ಒಂದನೇ ಯೂನಿಟ್ 2016ರ ಮೇ ತಿಂಗಳಲ್ಲಿ ಶುರುವಾದದ್ದು 2018ರ ಡಿಸೆಂಬರ್ 31ಕ್ಕೆ ನಿಲ್ಲಿಸೋವರೆಗೆ 962 ದಿನ ಒಂದೇ ಸಮ ಓಡಿತು, ಆಗ ಅದು ವಿಶ್ವದಾಖಲೆ. ಮೂರು ಮಳೆಗಾಲ ಎರಡು ಬೇಸಿಗೆ ನಿಲ್ಲದೆ. ಅದೂ ನಮ್ಮ ಎಂಜಿನಿಯರ್‌ಗಳೇ ಕಟ್ಟಿ ನಡೆಸೋ ರಿಯಾಕ್ಟರ್. ಅಣುಶಕ್ತಿ ಯಾಕೆ ಬೇಕು ಅಂದ್ರೆ ನಾನು ಮೊದಲು ಹೇಳೋದು ಈ 962 ದಿನವನ್ನ, ಯಾಕಂದ್ರೆ ಬಿಸಿಲು ಗಾಳಿ ಮಳೆ ಯಾವುದನ್ನೂ ಕಾಯದೆ ಓಡೋದೇ ಅದರ ದೊಡ್ಡ ಗುಣ.

ಇಂಧನ ಬಹಳ ಕಮ್ಮಿ ಸಾಕು, ಬೆರಳ ತುದಿಯಷ್ಟು ಯುರೇನಿಯಂ ಗುಳಿಗೆ ಹೆಚ್ಚುಕಮ್ಮಿ ಒಂದು ಟನ್ ಕಲ್ಲಿದ್ದಲಿಗೆ ಸಮ. ವರ್ಷದ ಇಂಧನ ಗೋಡೌನಲ್ಲಿ ಇಟ್ಕೊಬಹುದು, ರೈಲು ತಡ ಆಯ್ತು ಅನ್ನೋ ಗಲಾಟೆ ಇಲ್ಲ. ಆದ್ರೆ ಇಂಧನ ಯಾರ ಕೈಲಿದೆ ಅನ್ನೋ ಪ್ರಶ್ನೆ ಇಲ್ಲೂ ಬಿಡಲ್ಲ. 2007-08ರಲ್ಲಿ ದೇಶದಲ್ಲಿ ಯುರೇನಿಯಂ ಸಾಲದೆ ನಮ್ಮ ರಿಯಾಕ್ಟರ್‌ಗಳು ಅರ್ಧ ಸಾಮರ್ಥ್ಯದಲ್ಲಿ ಓಡ್ತಿದ್ವು, 2008ರಲ್ಲಿ ಅಮೆರಿಕ ಜೊತೆ ಒಪ್ಪಂದ ಆಗಿ ಬೇರೆ ದೇಶಗಳಿಂದ ತರಿಸೋ ದಾರಿ ಸಿಕ್ಕಿದ ಮೇಲೆ ಸುಧಾರಿಸಿತು. ಕೇರಳದ ಕಡಲ ಮರಳಲ್ಲಿ ಥೋರಿಯಂ (ಅಣು ಇಂಧನಕ್ಕೆ ಬಳಸಬಹುದಾದ ಲೋಹ) ರಾಶಿ ಇದೆ, ದೇಶದ ಅಣುಶಕ್ತಿ ಕಾರ್ಯಕ್ರಮ ಶುರು ಮಾಡಿದ ವಿಜ್ಞಾನಿ ಹೋಮಿ ಭಾಭಾ ಅವರು 1950ರ ದಶಕದಲ್ಲೇ ಅದನ್ನ ಬಳಸೋ ಮೂರು ಹಂತದ ಯೋಜನೆ ಹಾಕಿದ್ರು, ಆ ಮೂರನೇ ಹಂತಕ್ಕೆ ದೇಶ ಇನ್ನೂ ಮುಟ್ಟಿಲ್ಲ. ಹಾಗಾಗಿ ಥೋರಿಯಂ ಇದೆಯಲ್ಲ ಅಂತ ಡಿಬೇಟ್‌ನಲ್ಲಿ ಚಪ್ಪಾಳೆ ತಗೊಳ್ಳಬಹುದು, ಮುಂದಿನ ಹತ್ತು ವರ್ಷದ ಕೊರತೆಗೆ ಅದನ್ನ ಲೆಕ್ಕ ಹಿಡೀಬೇಡಿ.

ಈಗ ದುಡ್ಡು ಮತ್ತೆ ಕಾಲ, ಇವೆರಡನ್ನ ಬೇರೆ ಬೇರೆ ಮಾಡೋಕಾಗಲ್ಲ. 2017ರಲ್ಲಿ ಕೇಂದ್ರ ಸರ್ಕಾರ 700 ಮೆಗಾವ್ಯಾಟಿನ ಹತ್ತು ರಿಯಾಕ್ಟರ್‌ಗೆ ಒಪ್ಪಿಗೆ ಕೊಟ್ಟಾಗ ಅಂದಾಜು 1,05,000 ಕೋಟಿ ರೂಪಾಯಿ, ಅಂದ್ರೆ ಮೆಗಾವ್ಯಾಟ್‌ಗೆ 15 ಕೋಟಿ, ಕೈಗಾ ಐದು ಆರನೇ ಯೂನಿಟ್ ಅದರಲ್ಲೇ ಸೇರಿವೆ. ಸೋಲಾರ್‌ಗೆ ಮೆಗಾವ್ಯಾಟ್‌ಗೆ ಇದರ ಮೂರನೇ ಒಂದು ಭಾಗವೂ ಆಗಲ್ಲ. ಇನ್ನು ಕಾಲ ಅಂದ್ರೆ ಗುಜರಾತಿನ ಕಾಕ್ರಾಪಾರ್ ಮೂರನೇ ಯೂನಿಟ್‌ಗೆ 2010ರ ನವೆಂಬರ್‌ನಲ್ಲಿ ಕಾಂಕ್ರೀಟ್ ಹಾಕಿದ್ರು, ಗ್ರಿಡ್‌ಗೆ ಸೇರಿದ್ದು 2021ರ ಜನವರಿ, ವಾಣಿಜ್ಯ ಉತ್ಪಾದನೆ 2023ರ ಜೂನ್. ತಮಿಳುನಾಡಿನ ಕೂಡಂಕುಳಂ 2002ರಲ್ಲಿ ಶುರುವಾಗಿ 2013ರಲ್ಲಿ ಗ್ರಿಡ್‌ಗೆ ಬಂತು. ಸಾಲ ಮಾಡಿ ಹನ್ನೊಂದು ವರ್ಷ ಒಂದು ಯೂನಿಟ್ಟೂ ಮಾರದೆ ಬಡ್ಡಿ ಕಟ್ಟೋದು ಅಂದ್ರೆ ಏನು ಅಂತ ಕಾಫಿ ಗಿಡ ನೆಟ್ಟು ಫಸಲಿಗೆ ಕಾದ ನಮಗೆ ಗೊತ್ತು, ನಾವು ಮೂರ್ನಾಲ್ಕು ವರ್ಷಕ್ಕೇ ಸುಸ್ತಾಗ್ತೀವಿ. ಒಮ್ಮೆ ಸಾಲ ತೀರಿದ ಮೇಲೆ ಮಾತ್ರ ಅದರಷ್ಟು ಅಗ್ಗ ಬೇರೆ ಸಿಗೋದು ಕಷ್ಟ, 1969ರಲ್ಲಿ ಓಡಿದ ಮಹಾರಾಷ್ಟ್ರದ ತಾರಾಪುರ ಅಣುಸ್ಥಾವರ ಅದಕ್ಕೆ ಸಾಕ್ಷಿ.

ಅಪಾಯದ ಬಗ್ಗೆ ಮುಚ್ಚುಮರೆ ಬೇಡ. ದೊಡ್ಡ ಅಪಘಾತ ಎರಡು, ಆಗಿನ ಸೋವಿಯತ್ ದೇಶದ ಚೆರ್ನೋಬಿಲ್ 1986, ಫುಕುಶಿಮಾ 2011. ಫುಕುಶಿಮಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ರು, ವಿಕಿರಣಕ್ಕಿಂತ ಆ ಸ್ಥಳಾಂತರದ ಕಷ್ಟದಲ್ಲೇ ಎರಡು ಸಾವಿರಕ್ಕೂ ಮೇಲೆ ವಯಸ್ಸಾದವರು ರೋಗಿಗಳು ತೀರಿಕೊಂಡ್ರು. ಕೈಗಾದಲ್ಲೂ ಕಟ್ಟೋವಾಗ 1994ರ ಮೇನಲ್ಲಿ ಒಂದನೇ ಯೂನಿಟ್ಟಿನ ಗುಮ್ಮಟದ ಒಳಭಾಗ ಕುಸಿದಿತ್ತು, ಇಂಧನ ಇನ್ನೂ ತುಂಬಿರಲಿಲ್ಲ ಅನ್ನೋದೊಂದೇ ಸಮಾಧಾನ, 2009ರಲ್ಲಿ ಯಾರೋ ಕುಡಿಯೋ ನೀರಿನ ಕೂಲರ್‌ಗೆ ಟ್ರಿಷಿಯಂ ಅನ್ನೋ ವಿಕಿರಣ ವಸ್ತು ಇರೋ ಭಾರಜಲ (ರಿಯಾಕ್ಟರ್ ಒಳಗೆ ಬಳಸೋ ವಿಶೇಷ ನೀರು) ಬೆರೆಸಿ ಹತ್ತಾರು ಕೆಲಸಗಾರರ ಮೈಗೆ ಅದು ಸೇರಿತ್ತು. ಇದೆಲ್ಲ ಸೇರಿಸಿ ಲೆಕ್ಕ ಹಾಕಿದ್ರೂ ಯೂನಿಟ್‌ಗೆ ಎಷ್ಟು ಸಾವು ಅನ್ನೋದರಲ್ಲಿ ಅಣುಶಕ್ತಿ ಕಲ್ಲಿದ್ದಲಿನ ನೂರನೇ ಭಾಗವೂ ಇಲ್ಲ, ಸೋಲಾರ್ ಗಾಳಿಯ ಸಾಲಲ್ಲೇ ನಿಲ್ತದೆ. ವ್ಯತ್ಯಾಸ ಏನಂದ್ರೆ ಆದಾಗ ಒಂದೇ ಊರಿಗೆ ಪೂರ್ತಿ ಆಗ್ತದೆ, ಲಾಭ ಎಲ್ಲರಿಗೆ ನಷ್ಟ ಒಬ್ಬರಿಗೆ. ಶಿವರಾಮ ಕಾರಂತರು ಆ ವಯಸ್ಸಲ್ಲಿ 1989ರ ಲೋಕಸಭೆ ಚುನಾವಣೆಗೆ ಉತ್ತರ ಕನ್ನಡದಲ್ಲಿ ನಿಂತದ್ದು ಕೈಗಾ ವಿರೋಧಿಸಿಯೇ, ಸೋತ್ರು, ಆದ್ರೆ ಅವರ ಜೊತೆ ನಿಂತ ಜನ ಕೇಳಿದ್ದು ಇದನ್ನೇ ಅಂತ ನಾನು ತಿಳ್ಕೊಂಡಿದ್ದೀನಿ. ಬಳಸಿದ ಇಂಧನವನ್ನ ನಮ್ಮಲ್ಲಿ ಮರುಸಂಸ್ಕರಿಸಿ ಉಳಿದದ್ದನ್ನ ಗಾಜಿನಲ್ಲಿ ಬೆರೆಸಿ ಗಟ್ಟಿ ಮಾಡಿ ಇಡ್ತಾರೆ, ಗಾತ್ರ ಕಮ್ಮಿ, ಕಾಯೋ ಕಾಲ ಮಾತ್ರ ಸಾವಿರಾರು ವರ್ಷ. ಹೊಣೆ ಹೊತ್ತು ಕಾಯೋ ಸರ್ಕಾರಿ ವ್ಯವಸ್ಥೆ, ಯಾರಿಗೂ ಹೆದರದೆ ಸ್ಥಾವರ ನಿಲ್ಲಿಸಿ ಅನ್ನೋ ತಪಾಸಣೆಯವರು ಇಲ್ಲದ ದೇಶ ಇದಕ್ಕೆ ಕೈ ಹಾಕಲೇಬಾರದು, ಇದರಲ್ಲಿ ನಂಗೆ ಎರಡು ಮಾತಿಲ್ಲ.

ಮತ್ತೆ ನಮ್ಮ ಕೊಡಗಿಗೆ ಅಂಟಿದ ಒಂದು ವಿಷಯ. ದಕ್ಷಿಣ ಕೊಡಗಿನ ತೋಟ ಕಾಡು ಹಾದು ಮೈಸೂರಿಂದ ಕೋಯಿಕ್ಕೋಡ್‌ಗೆ ಹೋಗೋ 400 ಕೆವಿ ಲೈನ್ ಎಲ್ಲರೂ ನೋಡಿದ್ದೀರಿ, ಅದಕ್ಕೆ ಸಾವಿರಾರು ಮರ ಉರುಳಿದ್ದು, ಜನ ಬೀದಿಗೆ ಬಂದದ್ದು, ಪರಿಸರದವರು ಕೋರ್ಟಿಗೆ ಹೋದದ್ದೂ ನೆನಪಿರ್ಬೇಕು. ಆ ಲೈನ್ ಕೈಗಾ ಮೂರು ನಾಲ್ಕನೇ ಯೂನಿಟ್ಟಿನ ಕರೆಂಟ್ ಸಾಗಿಸೋ ಯೋಜನೆಯ ಭಾಗವಾಗಿಯೇ ಮಂಜೂರಾದದ್ದು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಯೂನಿಟ್‌ಗಳು 2007 ಮತ್ತೆ 2011ರಲ್ಲೇ ಓಡಿದ್ವು, ಲೈನ್ ಮುಗಿದದ್ದು 2015ರ ಹೊತ್ತಿಗೆ. ಸ್ಥಾವರ ಎಲ್ಲೋ ಇರ್ತದೆ, ಅದರ ತಂತಿಗೆ ಕಾಡು ಕೊಡೋದು ಇನ್ನೆಲ್ಲೋ ಇರೋರು. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕಿಗೂ ಇದು ತಪ್ಪಲ್ಲ, ಹಾಗಾಗಿ ಅಣುಸ್ಥಾವರ ಜಾಗ ಕಮ್ಮಿ ತಿನ್ನೋದು ನಿಜವಾದ್ರೂ ತಂತಿಯ ಜಾಗ ಸೇರಿಸಿ ಎಣಿಸಿ.

ಸಣ್ಣ ರಿಯಾಕ್ಟರ್ ಬಗ್ಗೆ ಎರಡೇ ಮಾತು. 2025ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 20,000 ಕೋಟಿ ಇಟ್ಟು 2033ರೊಳಗೆ ಐದನ್ನಾದ್ರೂ ಓಡಿಸ್ತೀವಿ ಅಂದಿದ್ದಾರೆ, 2047ಕ್ಕೆ ಒಟ್ಟು ಅಣುಶಕ್ತಿ ಒಂದು ಲಕ್ಷ ಮೆಗಾವ್ಯಾಟ್ ಗುರಿ, ಆ ಬಜೆಟ್ ಹೊತ್ತಿಗೆ ಇದ್ದದ್ದು ಎಂಟು ಸಾವಿರ ಚಿಲ್ಲರೆ. ರಷ್ಯಾ ಹಡಗಿನ ಮೇಲೆ 35 ಮೆಗಾವ್ಯಾಟಿನ ಎರಡು ರಿಯಾಕ್ಟರ್ 2020ರಿಂದ ಓಡಿಸ್ತಿದೆ. ಆಸೆ ಇದೆ, ಆದ್ರೆ ಅಂಗಡಿಯಲ್ಲಿ ರೇಟ್ ಬೋರ್ಡ್ ಹಾಕಿ ಮಾರೋ ಸ್ಥಿತಿಗೆ ಬಂದಿಲ್ಲ, ಬಂದ ಮೇಲೆ ಹೋಲಿಸೋಣ.

ಯಾರಿಗೆ ಯಾವುದು

ಸಣ್ಣ ದೇಶ, ಒಟ್ಟು ಬಳಕೆ ಎರಡು ಸಾವಿರ ಮೆಗಾವ್ಯಾಟ್, ಸಾಲ ಕುತ್ತಿಗೆವರೆಗೆ ಇದೆ ಅಂದ್ರೆ ದೊಡ್ಡ ರಿಯಾಕ್ಟರ್ ಬೇಡ. ಗ್ರಿಡ್ಡಿನ ಹತ್ತರಲ್ಲಿ ಒಂದು ಭಾಗಕ್ಕಿಂತ ದೊಡ್ಡ ಯಂತ್ರ ಒಂದೇ ಕಡೆ ಇರಬಾರದು ಅನ್ನೋದು ಎಂಜಿನಿಯರ್‌ಗಳ ಸಾಮಾನ್ಯ ನಿಯಮ, ಅದು ಒಮ್ಮೆ ಟ್ರಿಪ್ ಆದ್ರೆ ದೇಶವೇ ಕತ್ತಲಾಗ್ತದೆ. ಫಿಲಿಪೈನ್ಸ್ ಕತೆ ನೋಡಿ, ಬಟಾನ್‌ನಲ್ಲಿ 620 ಮೆಗಾವ್ಯಾಟಿನ ಸ್ಥಾವರ ಎರಡು ಶತಕೋಟಿ ಡಾಲರ್‌ಗೂ ಮೇಲೆ ಸುರಿದು ಕಟ್ಟಿದ್ರು, 1986ರಲ್ಲಿ ಸರ್ಕಾರ ಬಿತ್ತು, ಚೆರ್ನೋಬಿಲ್ ಆಯ್ತು, ಒಂದು ಯೂನಿಟ್ ಕರೆಂಟೂ ಬರಲಿಲ್ಲ, ಜನ ಸಾಲ ಕಟ್ಟಿದ್ದು ಮಾತ್ರ 2007ರವರೆಗೆ. ಬಾಂಗ್ಲಾದೇಶದ ರೂಪ್ಪುರ್ 2400 ಮೆಗಾವ್ಯಾಟ್, 12.65 ಶತಕೋಟಿ ಡಾಲರ್, ಅದರಲ್ಲಿ ನೂರಕ್ಕೆ ತೊಂಬತ್ತು ರಷ್ಯಾ ಸಾಲ, 2017ರಲ್ಲಿ ಕಾಂಕ್ರೀಟ್ ಬಿದ್ದದ್ದು 2024 ಮುಗಿದ್ರೂ ಗ್ರಿಡ್‌ಗೆ ಬಂದಿರಲಿಲ್ಲ. ಇಂಥ ದೇಶಕ್ಕೆ ಮೊದಲು ತಂತಿ, ಆಮೇಲೆ ಸೋಲಾರ್ ಬ್ಯಾಟರಿ, ಪಕ್ಕದ ದೇಶದಿಂದ ನೀರಿನ ಕರೆಂಟ್ ಕೊಳ್ಳೋದು.

ಆದ್ರೆ ದಕ್ಷಿಣ ಕೊರಿಯಾ 1978ರಲ್ಲಿ ಮೊದಲ ರಿಯಾಕ್ಟರ್ ಓಡಿಸಿದಾಗ ಅದೂ ಮೇಲೇಳ್ತಿದ್ದ ಬಡ ದೇಶವೇ. ಒಂದೇ ಮಾದರಿಯನ್ನ ಮತ್ತೆ ಮತ್ತೆ ಕಟ್ಟಿ ಕೈ ಕುದುರಿಸ್ಕೊಂಡ್ರು, ಅವರೇ ಯುಎಇಗೆ ಹೋಗಿ ಬರಾಕಾದಲ್ಲಿ 5600 ಮೆಗಾವ್ಯಾಟ್ ಕಟ್ಟಿಕೊಟ್ರು, 2012ರಲ್ಲಿ ಶುರುವಾಗಿ 2024ಕ್ಕೆ ನಾಲ್ಕೂ ಯೂನಿಟ್ ಮುಗಿದವು, ಈಗ ಆ ದೇಶದ ಕಾಲು ಭಾಗ ಕರೆಂಟ್ ಅದರದ್ದೇ. ಭಾರತದಂಥ ದೊಡ್ಡ ಗ್ರಿಡ್, ಸ್ವಂತ ಎಂಜಿನಿಯರ್, ಅರವತ್ತು ವರ್ಷ ಓಡೋ ಆಸ್ತಿಗೆ ಹತ್ತು ವರ್ಷ ಕಾಯೋ ಶಕ್ತಿ ಇರೋ ದೇಶ ಕಟ್ಟಬೇಕು ಅಂತ ನನ್ನ ಅಭಿಪ್ರಾಯ. ಈಗಿನ ನೂರಕ್ಕೆ ಮೂರು ಭಾಗ ಬಹಳ ಕಮ್ಮಿ. ಸೋಲಾರ್‌ಗೆ ಬದಲಾಗಿ ಅಲ್ಲ, ಕಲ್ಲಿದ್ದಲಿಗೆ ಬದಲಾಗಿ. ಅದೂ ಜನರನ್ನ ಕೂರಿಸಿ ಕೇಳಿ, ತಂತಿ ಹೋಗೋ ಊರಿನವರನ್ನೂ ಸೇರಿಸಿ.

ಇನ್ನು ಮೆಡಿಕಲ್ ಶಾಪ್ ಹತ್ರ ನಿಂತಿದ್ದವರಿಗೆ. ನಮ್ಮ ಜುಲೈ ಕತ್ತಲೆಗೆ ಕೈಗಾ ಎಂಟನೇ ಯೂನಿಟ್ ಬಂದ್ರೂ ಉಪಯೋಗ ಇಲ್ಲ, ಬೇಕಾಗಿರೋದು ಮಳೆಗೆ ಮೊದಲೇ ಕೊಂಬೆ ಕಡಿಯೋದು, ಹೊದಿಕೆ ಇರೋ ತಂತಿ, ಆಗೋ ಕಡೆ ನೆಲದಡಿ ಕೇಬಲ್, ಮತ್ತೆ ಆ ಸುರಿಯೋ ಮಳೇಲಿ ಕಂಬ ಹತ್ತೋ ಲೈನ್‌ಮನ್‌ಗಳು ಇನ್ನಷ್ಟು ಜನ. ಮನೆ ಮೇಲೆ ಸೋಲಾರ್ ಹಾಕೋರು ಒಂದು ವಿಷಯ ಸರಿಯಾಗಿ ಕೇಳ್ಕೊಳ್ಳಿ: ಬರೀ ಆನ್ ಗ್ರಿಡ್ ಸೋಲಾರ್ (ಬ್ಯಾಟರಿ ಇಲ್ಲದೆ ನೇರ ಲೈನಿಗೆ ಸೇರಿಸಿದ್ದು) ಲೈನ್ ಹೋದ ಕೂಡ್ಲೇ ತಾನೂ ನಿಂತು ಹೋಗ್ತದೆ, ಲೈನ್ ಮೇಲೆ ಕೆಲಸ ಮಾಡೋರಿಗೆ ಶಾಕ್ ಹೊಡೀಬಾರದು ಅಂತ ಹಾಗೆ ಮಾಡಿರೋದು. ಕೇಂದ್ರದ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ ಅಂತ ಹಾಕಿಸಿ ಆಮೇಲೆ ಮಳೆಗಾಲದಲ್ಲಿ ಕತ್ತಲಲ್ಲೇ ಕೂತವರು ನಮ್ಮ ನೆಂಟರಲ್ಲೇ ಇದ್ದಾರೆ. ಬ್ಯಾಟರಿ ಇರೋ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಜಾಸ್ತಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರೋ ಮನೆಗೆ ಸೋಲಾರ್‌ನಿಂದ ದುಡ್ಡು ಉಳಿಯೋದು ಅಷ್ಟಕ್ಕಷ್ಟೇ, ಲೈಟು ಫ್ಯಾನಿಗೆ ಒಳ್ಳೆ ಇನ್ವರ್ಟರ್ ಬ್ಯಾಟರಿ ಸಾಕು. ತೋಟದ ಪಂಪಿಗೆ ಮಾತ್ರ ಸೋಲಾರ್ ಹಾಕಿಸ್ಬಹುದು, ರೊಬಸ್ಟಾ ಕಾಫಿಗೆ ಹೂವಿನ ನೀರು ಹೊಡೆಯೋದು ಫೆಬ್ರವರಿ ಮಾರ್ಚ್, ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್ (ಎರಡನೇ ಸಲದ ನೀರು), ಎರಡೂ ಸುಡು ಬಿಸಿಲಿನ ಕಾಲದಲ್ಲೇ, ಡೀಸೆಲ್ ಉಳೀತದೆ. ಮನೆ ಹಿಂದೆ ವರ್ಷಪೂರ್ತಿ ಇಳಿಯೋ ತೊರೆ ಇದ್ರೆ ಪೈಪ್ ಹಾಕಿ ತಿರುಗಿಸೋ ಒಂದು ಕಿಲೋವ್ಯಾಟಿನ ಸಣ್ಣ ಟರ್ಬೈನ್ ಬಗ್ಗೆ ವಿಚಾರಿಸಿ, ಬೇರೆಲ್ಲ ಕೈಕೊಡೋ ಜುಲೈನಲ್ಲೇ ಅದು ಜೋರಾಗಿ ಓಡೋದು.

ಅಣ್ಣನ ಮಗಳಿಗೆ ನಾನು ಹೇಳಿದ್ದು, ಪರವಾಗಿ ಮಾತಾಡು, ಆದ್ರೆ ಶುರು ಮಾಡೋವಾಗಲೇ ಯಾವ ದೇಶ ಯಾವ ಕೊರತೆ ಅಂತ ಹೇಳ್ಕೋ, ಪರಿಹಾರ ಅನ್ನು, ಅಣುಶಕ್ತಿಯೇ ಪರಿಹಾರ ಅನ್ಬೇಡ. ಎದುರಿನವರು ಫುಕುಶಿಮಾ ಅಂದಾಗ ಕಲ್ಲಿದ್ದಲಿನ ಲೆಕ್ಕ ಹೇಳು, ಬಟಾನ್ ಅಂದ್ರೆ ಮಾತ್ರ ಒಪ್ಕೋ. ಆ ಏ ಅಕ್ಷರ ಬಿಟ್ರೆ ವಿಷಯವೇ ಬದಲಾಯ್ತಲ್ಲ ಚಿಕ್ಕಪ್ಪ, ಟೀಚರ್ ಒಪ್ತಾರಾ ಅಂದ್ಲು. ಕೇಳಿ ನೋಡು ಅಂದೆ.